ಗಾಡಿ ನಿಂತಲ್ಲಿ ಊರು

ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪಿ ರಾಜ್ಯದ ಪೂರ್ವದ ಅಂಚಿಗೆ, ಅಲಬಾಮದ ಗಡಿಯ ಹತ್ತಿರ ಮೆರಿಡಿಯನ್ ಎಂಬ ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 35,052 ಮಂದಿ. ನಮ್ಮ ಕಣ್ಣಿಗೆ ಅದೊಂದು ತಾಲೂಕು ಕೇಂದ್ರ. ಆದರೆ 1910ರಲ್ಲೂ 1920ರಲ್ಲೂ ಜನ ಎಣಿಸಿದಾಗ ಆ ರಾಜ್ಯಕ್ಕೆಲ್ಲ ದೊಡ್ಡ ನಗರ ಅದೇ ಆಗಿತ್ತು. ರಾಜಧಾನಿ ಜಾಕ್ಸನ್ನೇ ಅದರ ಹಿಂದಿತ್ತು. ಇಂಥ ಊರುಗಳ ಬಗ್ಗೆ ಒಂದು ಸಿದ್ಧ ಮಾತಿದೆ: ರೈಲು ಬಂತು, ಊರು ಬೆಳೆಯಿತು, ರೈಲು ಹೋಯಿತು, ಊರು ಸೊರಗಿತು. ಮೊದಲರ್ಧ ಸರಿ. ಎರಡನೆಯ ಅರ್ಧ ಮೆರಿಡಿಯನ್‌ನ ಮಟ್ಟಿಗೆ ಸುಳ್ಳು. ಅಲ್ಲಿಂದ ರೈಲು ಹೋಗಲೇ ಇಲ್ಲ. ಮೈಲುದ್ದದ ಗೂಡ್ಸ್ ಗಾಡಿಗಳು ಇವತ್ತಿಗೂ ಆ ಊರಿನ ನಡುವೆಯೇ ಹಾಯುತ್ತವೆ. ಹಾಗಿದ್ದೂ ಊರು ಕುಗ್ಗಿದೆ. ಇದಕ್ಕೆ ನನಗೆ ತೋರುವ ಕಾರಣ ಬೇರೆ. ಜಂಕ್ಷನ್ ಊರು ಗಾಡಿಯ ಓಟದಿಂದ ಬದುಕುವುದಲ್ಲ, ಗಾಡಿಯ ನಿಲುಗಡೆಯಿಂದ ಬದುಕುವುದು. ಇಲ್ಲಿ ಇಳಿಯಬೇಕು, ಇಲ್ಲಿ ಕಾಯಬೇಕು, ಇಲ್ಲಿ ಸರಕು ಬದಲಾಯಿಸಬೇಕು ಎಂಬ ಅಡಚಣೆಯೇ ಅದರ ಅನ್ನ. ಮೆರಿಡಿಯನ್‌ನ ಚರಿತ್ರೆಯನ್ನು ಈ ಕಡೆಯಿಂದ ಓದಿ ನೋಡೋಣ.

ಮೊದಲು ನೆಲದ ಮಾತು. ಅಲ್ಲಿ ದೋಣಿ ನಡೆಯುವ ನದಿಯಿಲ್ಲ, ಬಂದರಿಲ್ಲ, ಹೇಳಿಕೊಳ್ಳುವಂಥ ಗಣಿಯಿಲ್ಲ. ಇರುವುದು ಕೆಮ್ಮಣ್ಣಿನ ದಿಬ್ಬಗಳು, ಪೈನ್ ಕಾಡು, ಸೊವಾಶಿ ಎಂಬ ಹಳ್ಳ. 1830ರ ತನಕ ಇದು ಚಾಕ್ಟಾ ಜನರ ನೆಲ. ಆ ವರ್ಷ ನಡೆದ ಒಪ್ಪಂದದಲ್ಲಿ ಅವರು ಅದನ್ನು ಬಿಟ್ಟುಕೊಡಬೇಕಾಯಿತು. ಒಪ್ಪಂದವಾದ ಜಾಗದ ಹೆಸರು ಕುಣಿವ ಮೊಲದ ತೊರೆ. ಅಷ್ಟು ಚೆಲುವಾದ ಹೆಸರಿನ ಅಡಿಯಲ್ಲಿ ಒಂದು ಜನಾಂಗವೇ ಗುಳೆ ಎದ್ದಿತು. 1855ರಲ್ಲಿ ಮೊಬೈಲ್ ಬಂದರಿನಿಂದ ಉತ್ತರಕ್ಕೆ ಹೊರಟ ಮೊಬೈಲ್ ಅಂಡ್ ಒಹಾಯೊ ಹಳಿ ಇಲ್ಲಿಗೆ ಬಂತು. ಪಶ್ಚಿಮದ ವಿಕ್ಸ್‌ಬರ್ಗ್‌ನಿಂದ ಇನ್ನೊಂದು ಕಂಪನಿಯ ಹಳಿ 1861ರಲ್ಲಿ ಬಂದು ಕೂಡಿತು. ದಕ್ಷಿಣದ ಆ ಕಾಲದ ಬಹುತೇಕ ರೈಲುದಾರಿಗಳಂತೆ ಇವುಗಳ ಮಣ್ಣು ಕೆಲಸದಲ್ಲೂ ಗುಲಾಮರ ಬೆವರು ಸೇರಿದೆ. ಎರಡು ಹಳಿ ಕೂಡುತ್ತವೆಂಬ ಸುಳಿವು ಹಿಡಿದು ಲೂಯಿಸ್ ರ‍್ಯಾಗ್ಸ್‌ಡೇಲ್, ಜಾನ್ ಬಾಲ್ ಎಂಬಿಬ್ಬರು ಆಗಲೇ ಅಲ್ಲಿ ಜಮೀನು ಕೊಂಡು ನಿವೇಶನ ಹಾಕತೊಡಗಿದ್ದರು. ಇಬ್ಬರಿಗೂ ಪರಸ್ಪರ ಆಗದು. ಒಬ್ಬ ಊರಿಗೆ ತನ್ನದೇ ಹೆಸರಿಡಲು ಹೊರಟ. ಇನ್ನೊಬ್ಬ ಮೆರಿಡಿಯನ್ ಎಂದ. ಮತ್ತೆ ಕೆಲವರು ಹಳ್ಳದ ಹೆಸರೇ ಸಾಕೆಂದರು. ಮೆರಿಡಿಯನ್ ಎಂದರೆ ಭೂಗೋಳದ ಮಧ್ಯಾಹ್ನರೇಖೆ. ಬಾಲ್ ಮಾತ್ರ ಅದಕ್ಕೆ ಕೂಡುವ ಜಾಗ ಎಂಬ ಅರ್ಥವಿದೆಯೆಂದು ನಂಬಿದ್ದನೆಂದು ಹೇಳುವುದುಂಟು. ಏನೇ ಇರಲಿ, 1860ರಲ್ಲಿ ಆ ಹೆಸರೇ ಕಾಗದಕ್ಕೆ ಏರಿತು. ಇಬ್ಬರ ಹಟದ ಗುರುತು ಊರಿನ ನಕ್ಷೆಯಲ್ಲಿ ಈಗಲೂ ಉಳಿದಿದೆ. ರ‍್ಯಾಗ್ಸ್‌ಡೇಲ್ ತನ್ನ ಬೀದಿಗಳನ್ನು ರೈಲುಹಳಿಗೆ ಸಮಾನಾಂತರವಾಗಿ ಎಳೆದ. ಬಾಲ್ ದಿಕ್ಸೂಚಿ ಹಿಡಿದು ಪೂರ್ವ ಪಶ್ಚಿಮಕ್ಕೆ ನೇರವಾಗಿ ಎಳೆದ. ಎರಡೂ ಸಂಧಿಸುವಲ್ಲಿ ಬೀದಿಗಳು ಓರೆಯಾಗಿ ತಿರುಗಿಕೊಳ್ಳುತ್ತವೆ, ನಿವೇಶನಗಳು ಮೂರು ಮೂಲೆಯವಾಗುತ್ತವೆ. ಒಬ್ಬ ರೈಲನ್ನು ನಂಬಿದವನು, ಇನ್ನೊಬ್ಬ ಉತ್ತರ ಧ್ರುವವನ್ನು.

ನಿಲುಗಡೆಯ ಬೆಲೆ ಎಷ್ಟೆಂದು ಮೊದಲು ಕಂಡುಕೊಂಡವರು ಯುದ್ಧ ಮಾಡುವವರು. ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಶುರುವಾದಾಗ ಮೆರಿಡಿಯನ್ ಇನ್ನೂ ಹಳ್ಳಿ. ಆದರೆ ಪೂರ್ವಕ್ಕೆ ಹೋಗುವ ದಾರಿ ಅಪೂರ್ಣವಾಗಿತ್ತು. ಅಲಬಾಮದ ಟಾಂಬಿಗ್ಬಿ ನದಿಗೆ ಸೇತುವೆಯಿರಲಿಲ್ಲ. ಸರಕನ್ನು ಗಾಡಿಯಿಂದ ಇಳಿಸಿ ನದಿಯಲ್ಲಿ ದಾಟಿಸಬೇಕಿತ್ತು. ಆದ್ದರಿಂದ ದಕ್ಷಿಣದ ಸೈನ್ಯದ ಧಾನ್ಯ, ಬಟ್ಟೆ, ಮದ್ದುಗುಂಡು ಎಲ್ಲ ಮೆರಿಡಿಯನ್‌ನಲ್ಲಿ ರಾಶಿ ಬಿದ್ದವು. ರಾಶಿ ಬಿದ್ದದ್ದಕ್ಕೆ ಗೋದಾಮು, ಗೋದಾಮಿಗೆ ಕಾವಲು, ಕಾವಲಿನವರಿಗೆ ಆಸ್ಪತ್ರೆ. 1864ರ ಫೆಬ್ರುವರಿ 14ರಂದು ಉತ್ತರದ ಸೇನಾಪತಿ ವಿಲಿಯಂ ಶೆರ್ಮನ್ ವಿಕ್ಸ್‌ಬರ್ಗ್‌ನಿಂದ ನಡೆದು ಬಂದು ಊರನ್ನು ಹಿಡಿದ. ಅವನ ಹತ್ತು ಸಾವಿರ ಆಳುಗಳು ಐದು ದಿನ ಕೊಡಲಿ, ಹಾರೆ, ಸುತ್ತಿಗೆ, ಬೆಂಕಿ ಹಿಡಿದು ದುಡಿದರು. ಕೆಲಸ ಹೀಗೆ: ಮರದ ಸ್ಲೀಪರುಗಳನ್ನು ಕಿತ್ತು ಒಟ್ಟಿ ಬೆಂಕಿ ಹಚ್ಚುವುದು, ಹಳಿಯ ನಡುಭಾಗವನ್ನು ಆ ಬೆಂಕಿಯ ಮೇಲಿಟ್ಟು ಕೆಂಪಗೆ ಕಾಯಿಸುವುದು, ಎರಡೂ ತುದಿ ಹಿಡಿದು ಹತ್ತಿರದ ಮರಕ್ಕೆ ಸುತ್ತಿಬಿಡುವುದು. ಬಗ್ಗಿದ ಹಳಿಯನ್ನು ಮತ್ತೆ ನೇರ ಮಾಡುವುದು ಕುಲುಮೆಯಿಲ್ಲದೆ ಆಗದ ಮಾತು. ಸುತ್ತಲಿನ ನೂರಕ್ಕೂ ಹೆಚ್ಚು ಮೈಲಿ ದಾರಿ ಹೀಗೆ ಹಾಳಾಯಿತು. ಮೆರಿಡಿಯನ್ ಎಂಬ ಊರು ಇನ್ನಿಲ್ಲವೆಂದು ಶೆರ್ಮನ್ ವರದಿ ಬರೆದ. ಇದೇ ಯುದ್ಧದ ಬಿಸಿ ನಮ್ಮ ಧಾರವಾಡಕ್ಕೂ ತಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ನಮ್ಮ ಎರೆಹೊಲಗಳಿಗೆ ತಂದಿತ್ತು. ಧಾರವಾಡ ಅಮೆರಿಕನ್ ಎಂದು ಹೆಸರಾದ ಆ ಹತ್ತಿಗೆ, ಅಮೆರಿಕದ ದಕ್ಷಿಣದ ಬಂದರುಗಳು ಮುಚ್ಚಿದ್ದೇ ತಡ, ಬೆಲೆ ಏರಿತು. ಅಲ್ಲಿ ಬೆಂಕಿ, ಇಲ್ಲಿ ಸುಗ್ಗಿ.

ಸುಟ್ಟ ಊರು ಮತ್ತೆ ಎದ್ದದ್ದು ಹೇಗೆ? ಮನೆ ಕಟ್ಟುವ ಮೊದಲೇ ಹಳಿಗಳನ್ನು ಕೂಡಿಸಿಬಿಟ್ಟಿದ್ದರು. ಶೆರ್ಮನ್ ಹಿಂದಿರುಗಿದ ಕೆಲವೇ ವಾರಗಳಲ್ಲಿ ಗಾಡಿ ಓಡಿತು. ಯುದ್ಧ ಮುಗಿದ ಮೇಲೆ ಹೊಸ ಹಳಿಗಳು ಒಂದೊಂದಾಗಿ ಬಂದು ಸೇರಿದವು. 1883ರಲ್ಲಿ ನ್ಯೂ ಆರ್ಲಿಯನ್ಸ್‌ನ ದಾರಿ ಪೂರ್ತಿಯಾದಾಗ ಮೆರಿಡಿಯನ್ ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಮನೆಯಾಯಿತು. ಗಮನಿಸಬೇಕಾದ್ದು ಇಷ್ಟು: ಈ ದಾರಿಗಳು ಬೇರೆಬೇರೆ ಕಂಪನಿಗಳವು. ಒಂದರ ಪ್ರಯಾಣಿಕ ಇಳಿದು ಇನ್ನೊಂದರ ಗಾಡಿಗೆ ಕಾಯಬೇಕು. ಕಾಯುವವನಿಗೆ ಊಟ ಬೇಕು, ಹಾಸಿಗೆ ಬೇಕು, ಹೊತ್ತು ಕಳೆಯಲು ಏನಾದರೂ ಬೇಕು. ನಿಲ್ದಾಣದ ಎದುರು ಹೋಟೆಲುಗಳು ಸಾಲುಗಟ್ಟಿದವು. 1890ರಲ್ಲಿ ಭವ್ಯವಾದೊಂದು ಆಪೆರಾ ಮನೆ ತೆರೆಯಿತು. ಉಗಿ ಎಂಜಿನ್ನಿನದೂ ಅದೇ ಕತೆ: ಹತ್ತಾರು ಮೈಲಿಗೊಮ್ಮೆ ನೀರು, ನಡುನಡುವೆ ಕಲ್ಲಿದ್ದಲು, ಬೂದಿ ತೆಗೆಯಲು ಜನ, ನೂರು ಮೈಲಿಗೆ ಡ್ರೈವರನ ದಿನಗೂಲಿ ಮುಗಿದು ಹೊಸಬ ಹತ್ತಬೇಕು. ಲೋಕೋ ಶೆಡ್ಡು, ಎರಕದ ಮನೆ, ಮರ ಕೊಯ್ಯುವ ಗಿರಣಿಗೆ ಉಗಿಯಂತ್ರ ಮಾಡುವ ಕಾರ್ಖಾನೆ, ಎಲ್ಲವೂ ಇದರ ಬೆನ್ನಿಗೆ ಬಂದವು. 1880ರಲ್ಲಿ ನಾಲ್ಕು ಸಾವಿರವಿದ್ದ ಜನ 1890ಕ್ಕೆ 10,624, 1910ಕ್ಕೆ 23,285. ವಲಸೆ ಬಂದ ಯೆಹೂದಿ ವ್ಯಾಪಾರಿಗಳು ಅಂಗಡಿ ಇಟ್ಟರು. ಡ್ರೈಫಸ್ ಎಂಬ ಜರ್ಮನ್ ಹೆಸರಿನ ಒಂದು ಮನೆತನ ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ ತ್ರೀಫುಟ್ ಎಂದಾಯಿತು, ಅಂದರೆ ಮೂರು ಪಾದದವರು. ಅವರು ಕಟ್ಟಿಸಿದ ಹದಿನಾರು ಅಂತಸ್ತಿನ ಕಟ್ಟಡ, ಷೇರುಪೇಟೆ ಕುಸಿದ ಕಾಲಕ್ಕೇ ಮುಗಿದು, ಕಟ್ಟಿಸಿದವರನ್ನೇ ಮುಳುಗಿಸಿತು.

ಆದರೆ ನಿಲ್ಲುವುದರಲ್ಲೂ ಎಲ್ಲರೂ ಸಮರಲ್ಲ. ಗುಲಾಮಗಿರಿ ಮುಗಿದ ಹೊಸದರಲ್ಲಿ ಅಲಬಾಮದ ಜಮೀನುದಾರರ ಹಿಡಿತದಿಂದ ತಪ್ಪಿಸಿಕೊಂಡ ಕಪ್ಪು ಕೂಲಿಗಳಿಗೆ ಮೆರಿಡಿಯನ್ ಸಿಕ್ಕಿದ್ದು ಅದು ಜಂಕ್ಷನ್ ಆಗಿದ್ದರಿಂದಲೇ. ಹೊಲದೊಡೆಯನ ಸಾಲದ ಪುಸ್ತಕದಲ್ಲಿ ಹೆಸರಿಲ್ಲದೆ ಕೈಗೆ ನಗದು ಕೂಲಿ ಸಿಗುವ ಜಾಗ ದಕ್ಷಿಣದಲ್ಲಿ ಹೆಚ್ಚಿರಲಿಲ್ಲ. ಆ ಕೂಲಿಗಳನ್ನು ಹಿಡಿದೊಯ್ಯಲು ಅಲಬಾಮದ ಬಿಳಿಯರು ಬಂದದ್ದೂ ರೈಲಿನಲ್ಲೇ. ಜಗಳ ಬೆಳೆದು 1871ರ ಮಾರ್ಚಿನಲ್ಲಿ ನ್ಯಾಯಾಲಯದ ಒಳಗೇ ಗುಂಡು ಹಾರಿತು; ನ್ಯಾಯಾಧೀಶನೂ ಸತ್ತ; ಮುಂದಿನ ದಿನಗಳಲ್ಲಿ ಸುಮಾರು ಮೂವತ್ತು ಕಪ್ಪು ಜನರ ಕೊಲೆಯಾಯಿತು. ಅವರ ಪರವಿದ್ದ ಮೇಯರನನ್ನು ಉತ್ತರದ ಗಾಡಿ ಹತ್ತಿಸಿ ಓಡಿಸಿದರು. 1888ರಲ್ಲಿ ರಾಜ್ಯ ಕಪ್ಪು ಬಿಳಿ ಪ್ರಯಾಣಿಕರಿಗೆ ಬೇರೆ ಬೋಗಿ ಎಂಬ ಕಾನೂನು ಮಾಡಿತು. ಒಂದೇ ಗಾಡಿಗೆ ಕಾಯುವವರಿಗೆ ಎರಡು ಕಾಯುವ ಕೋಣೆಗಳು. ಆಮೇಲೆ ಇದೇ ನಿಲ್ದಾಣದಿಂದ ಸೇಂಟ್ ಲೂಯಿಸ್, ಷಿಕಾಗೊ ಕಡೆಗೆ ಕಪ್ಪು ಸಂಸಾರಗಳು ಗಂಟು ಕಟ್ಟಿಕೊಂಡು ಹೊರಟವು. 1910ರಿಂದ 1920ರವರೆಗೆ ಊರಿನ ಜನಸಂಖ್ಯೆ ಬೆಳೆದದ್ದು ನೂರರಷ್ಟು ಮಾತ್ರ. ಉಳಿದವರು ಸುಮ್ಮನಿರಲಿಲ್ಲ. 1964ರಲ್ಲಿ ನಾಗರಿಕ ಹಕ್ಕಿನ ಕಾರ್ಯಕರ್ತರು ಪೂರ್ವ ಮಿಸಿಸಿಪಿಗೆ ಮೆರಿಡಿಯನ್ನನ್ನೇ ನೆಲೆ ಮಾಡಿಕೊಂಡರು. ಕಪ್ಪು ಜನ ಅಷ್ಟಿಷ್ಟು ಸ್ವಂತ ಕಾಲ ಮೇಲೆ ನಿಂತಿದ್ದ ಊರು ಅದಾಗಿತ್ತೆಂಬುದು ಈ ಆಯ್ಕೆಯ ಹಿಂದಿದೆ ಎಂದು ನನ್ನ ಊಹೆ. ಆ ಊರಿನ ಹುಡುಗ ಜೇಮ್ಸ್ ಚೇನಿ, ಇಪ್ಪತ್ತೊಂದು ವರ್ಷ, ಜೂನ್ 21ರಂದು ಜೊತೆ ಕಾರ್ಯಕರ್ತರಾದ ಮೈಕೆಲ್ ಶ್ವೆರ್ನರ್, ಆಂಡ್ರೂ ಗುಡ್‌ಮನ್ ಜೊತೆ ಕಾರಿನಲ್ಲಿ ಪಕ್ಕದ ಜಿಲ್ಲೆಗೆ ಹೋದವನು ಹಿಂದಿರುಗಲಿಲ್ಲ. ಮೂವರನ್ನೂ ಕೊಂದ ಸಂಚಿನ ವಿಚಾರಣೆ 1967ರಲ್ಲಿ ಮೆರಿಡಿಯನ್‌ನಲ್ಲೇ ನಡೆದು, ಏಳು ಮಂದಿಗೆ ಶಿಕ್ಷೆಯಾಯಿತು.

ಕಪ್ಪು ಕೂಲಿಗಳ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಭಾರದ ಗಾಡಿ ಓಡಿ ಓಡಿ ಹಳಿ ಅಂಗುಲದ ಲೆಕ್ಕದಲ್ಲಿ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಸರಿಪಡಿಸಲು ಆಗ ಎಂಟು ಹತ್ತು ಜನ ಹಳಿಯಡಿ ಹಾರೆ ಕೊಟ್ಟು ನಿಲ್ಲುತ್ತಿದ್ದರು. ಒಬ್ಬ ಹಾಡು ಹೇಳುತ್ತಿದ್ದ. ಅವನ ಸಾಲಿನ ಪೆಟ್ಟು ಬಿದ್ದ ಗಳಿಗೆಗೆ ಎಲ್ಲರೂ ಒಟ್ಟಿಗೆ ಮೀಟಬೇಕಿತ್ತು. ಒಬ್ಬ ಹಿಂದೆ ಬಿದ್ದರೂ ಹಳಿ ಅಲುಗುತ್ತಿರಲಿಲ್ಲ. ನಮ್ಮ ಕೂಲಿಗಳ ಐಸಾ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಬೈಲ್ ಅಂಡ್ ಒಹಾಯೊ ಹಳಿಯ ಬಿಳಿಯ ಮೇಸ್ತ್ರಿಯೊಬ್ಬನ ಮಗ ಇಂಥ ಗುಂಪಿಗೆ ನೀರು ಹೊತ್ತು ಕೊಡುತ್ತಾ ಆ ಹಾಡುಗಳನ್ನು ಕಿವಿಗೆ ಹಾಕಿಕೊಂಡ. ಮುಂದೆ ಅವನು ಬ್ರೇಕ್‌ಮನ್ ಆದ; ಕ್ಷಯ ಹಿಡಿದು ಆ ಕೆಲಸ ಹೋಯಿತು; 1927ರ ಆಗಸ್ಟಿನಲ್ಲಿ ಬ್ರಿಸ್ಟಲ್ ಎಂಬಲ್ಲಿ ಅವನ ಮೊದಲ ಧ್ವನಿಮುದ್ರಣವಾಯಿತು. ಅವನೇ ಜಿಮ್ಮಿ ರಾಜರ್ಸ್, ಅಮೆರಿಕದ ಕಂಟ್ರಿ ಸಂಗೀತಕ್ಕೆ ತಂದೆ ಎನಿಸಿಕೊಂಡವನು. ತಂದೆ ಎಂದ ಮೇಲೆ ಅಜ್ಜಂದಿರನ್ನೂ ಹೆಸರಿಸುವುದು ನ್ಯಾಯ. ಹಾರೆ ಹಿಡಿದು ಹಾಡಿದ ಆ ಕಪ್ಪು ಗ್ಯಾಂಗ್‌ಮನ್‌ಗಳ ಹೆಸರು ಯಾವ ರೆಕಾರ್ಡಿನ ಮೇಲೂ ಇಲ್ಲ. 1933ರ ಮೇ 26ರಂದು ನ್ಯೂಯಾರ್ಕಿನಲ್ಲಿ ರಾಜರ್ಸ್ ಸತ್ತಾಗ ಶವ ಮೆರಿಡಿಯನ್‌ಗೆ ಬಂದದ್ದು ರೈಲಿನಲ್ಲೇ.

ಇಷ್ಟಕ್ಕೂ ನನ್ನ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು ಗಟ್ಟಿಯಾದದ್ದು. ಡೀಸೆಲ್ ಎಂಜಿನ್ ಬಂದ ಮೇಲೆ ನೀರಿಗೆ, ಇದ್ದಲಿಗೆ ನಿಲ್ಲುವ ಅಗತ್ಯ ತಪ್ಪಿತು; ಊರಿನ ಎರಡು ಮುಖ್ಯ ರೈಲು ಕಂಪನಿಗಳಲ್ಲಿ ಒಂದು 1949ಕ್ಕೆ, ಇನ್ನೊಂದು 1953ಕ್ಕೆ ಉಗಿಯನ್ನು ಪೂರ್ತಿ ಕೈಬಿಟ್ಟಿತು. ಆದರೆ ಊರಿನ ಜನಸಂಖ್ಯೆ ತುದಿ ಮುಟ್ಟಿದ್ದು 1960ರಲ್ಲಿ, 49,374. ಹಾಗಾದರೆ ನಿಲುಗಡೆ ತಪ್ಪಿದ್ದಕ್ಕೂ ಊರು ಕುಗ್ಗಿದ್ದಕ್ಕೂ ಏನು ಸಂಬಂಧ? ಸಂಬಂಧವಿದೆ, ಆದರೆ ನೇರವಾಗಿಲ್ಲ. ರೈಲಿನ ಕೂಲಿಯಿಂದ ಕೂಡಿಬಂದ ಅಂಗಡಿ, ಶಾಲೆ, ಆಸ್ಪತ್ರೆ ಒಂದು ತಲೆಮಾರು ತಮ್ಮ ಗತಿಯಲ್ಲೇ ನಡೆದವು, ಜೊತೆಗೆ ನೌಕಾದಳದ ವಿಮಾನ ನೆಲೆ ಬಂತು. ಬೇರು ಒಣಗಿದ ವರ್ಷವೇ ಮರದ ಎಲೆ ಉದುರುವುದಿಲ್ಲ. ಎರಡನೆಯ ಆಕ್ಷೇಪ: ಎರಡು ಅಂತರರಾಜ್ಯ ಹೆದ್ದಾರಿಗಳು ಈಗ ಮೆರಿಡಿಯನ್‌ನಲ್ಲೇ ಕೂಡುತ್ತವಲ್ಲ, ಕೂಡುದಾರಿಯ ಲಾಭ ಮುಂದುವರಿಯಬೇಕಿತ್ತಲ್ಲ? ಇದು ನನ್ನ ಪರವಾದ ಸಾಕ್ಷಿ. ಹೆದ್ದಾರಿಯಲ್ಲಿ ಕೂಡುವುದಕ್ಕೆ ಯಾರೂ ಇಳಿಯಬೇಕಿಲ್ಲ. ಸ್ಟಿಯರಿಂಗ್ ತಿರುಗಿಸಿದರೆ ಸಾಕು. ಇಳಿದವರೂ ಪೆಟ್ರೋಲ್ ಬಂಕಿನ ಆಚೆ ಊರನ್ನು ನೋಡುವುದಿಲ್ಲ. ಮೂರನೆಯದು ಅಟ್ಲಾಂಟದ ಮಾತು. ಅದೂ ಹಳಿಗಳ ತುದಿಯಲ್ಲಿ ಹುಟ್ಟಿದ್ದೇ, ಅದರ ಮೊದಲ ಹೆಸರೇ ಟರ್ಮಿನಸ್; ಅದನ್ನೂ ಶೆರ್ಮನ್ನೇ ಸುಟ್ಟ. ಅದು ಮಹಾನಗರವಾದದ್ದು ಹೇಗೆ? ಅದು ರಾಜಧಾನಿಯಾಯಿತು, ಆಮೇಲೆ ವಿಮಾನ ಬದಲಿಸುವ ನಿಲ್ದಾಣ ಕಟ್ಟಿಕೊಂಡಿತು. ಅಂದರೆ ಹಳೆಯ ಅಡಚಣೆ ಹೋಗುವ ಮೊದಲೇ ಹೊಸ ಅಡಚಣೆಯನ್ನು ಸಂಪಾದಿಸಿತು. ಮೆರಿಡಿಯನ್‌ಗೂ ವಿಮಾನದ ಖ್ಯಾತಿ ಇದೆ, ಆದರೆ ಅದು ಬೇರೆ ಬಗೆಯದು: 1935ರಲ್ಲಿ ಕೀ ಎಂಬ ವಿಮಾನಚಾಲಕ ಸಹೋದರರು ಅಲ್ಲಿ ಒಮ್ಮೆಯೂ ಇಳಿಯದೆ ಇಪ್ಪತ್ತೇಳು ದಿನ ಹಾರಾಡಿ ದಾಖಲೆ ಮಾಡಿದರು. ನಿಲ್ಲುವುದರಿಂದ ಬದುಕಿದ ಊರು ನಿಲ್ಲದವರನ್ನು ಮೆರವಣಿಗೆ ಮಾಡಿತು.

ಇನ್ನು ಊರಿನ ಇವತ್ತಿನ ಮಾತು. ಮೆರಿಡಿಯನ್‌ನಲ್ಲಿ 1906ರ ಹೊತ್ತಿಗೆ ಎದ್ದ ಯೂನಿಯನ್ ಸ್ಟೇಷನ್ನಿನ ಬಹುಭಾಗವನ್ನು ಆಮೇಲೆ ಕೆಡವಿದ್ದರು. ಮೇಯರ್ ಜಾನ್ ರಾಬರ್ಟ್ ಸ್ಮಿತ್ ಕಾಲದಲ್ಲಿ, 1997ರಲ್ಲಿ, ಅದನ್ನು ಹಳೆಯ ರೂಪಕ್ಕೆ ತಂದು, ಬಸ್ಸನ್ನೂ ಅಲ್ಲಿಗೇ ತಂದರು. ನ್ಯೂಯಾರ್ಕ್ ಮತ್ತು ನ್ಯೂ ಆರ್ಲಿಯನ್ಸ್ ನಡುವಿನ ಕ್ರೆಸೆಂಟ್ ಗಾಡಿ ದಿನಕ್ಕೊಮ್ಮೆ ಹೋಗುತ್ತಾ, ಒಮ್ಮೆ ಬರುತ್ತಾ ಅಲ್ಲಿ ನಿಲ್ಲುತ್ತದೆ. ಸುತ್ತಲಿನ ಹಳೆಯ ಕಟ್ಟಡಗಳಿಗೆ ಅದರಿಂದ ಜೀವ ಬಂದದ್ದು ನಿಜ. ಆಪೆರಾ ಮನೆ 2006ರಲ್ಲಿ ಮತ್ತೆ ತೆರೆಯಿತು. ಅದೇ 2006ರಲ್ಲಿ ಎರಡು ಸರಕು ರೈಲು ಕಂಪನಿಗಳು ಕೂಡಿ, ಮೆರಿಡಿಯನ್‌ನಿಂದ ಪಶ್ಚಿಮಕ್ಕೆ ಲೂಸಿಯಾನದ ಶ್ರೀವ್‌ಪೋರ್ಟ್‌ವರೆಗಿನ ಸುಮಾರು 320 ಮೈಲಿ ದಾರಿಗೆ ಮುನ್ನೂರು ಮಿಲಿಯನ್ ಡಾಲರ್ ಸುರಿಯಲು ಒಪ್ಪಂದ ಮಾಡಿಕೊಂಡವು. ಹಳಿ ಗಟ್ಟಿ ಮಾಡುವುದು, ಗಾಡಿ ಗಾಡಿಗೆ ದಾರಿ ಬಿಡುವ ಪಕ್ಕದ ಹಳಿಗಳನ್ನು ಉದ್ದ ಮಾಡುವುದು, ತಡವಾಗುವುದೆಲ್ಲವನ್ನೂ ತೆಗೆಯುವುದು. ಆ ದಾರಿಗೆ ಈಗ ಮೆರಿಡಿಯನ್ ಸ್ಪೀಡ್‌ವೇ ಎಂದೇ ಹೆಸರು. ಟೆಕ್ಸಾಸ್‌ನಿಂದ ಅಟ್ಲಾಂಟಕ್ಕೆ ಹೋಗುವ ಪೆಟ್ಟಿಗೆ ಗಾಡಿಗಳು ಅದರ ಮೇಲೆ ಬರುತ್ತವೆ. ಒಂದು ಕಂಪನಿಯ ಸರಹದ್ದು ಮುಗಿದು ಇನ್ನೊಂದರದು ಶುರುವಾಗುವುದು ಮೆರಿಡಿಯನ್‌ನಲ್ಲಿ. ಆದ್ದರಿಂದ ಎಂಜಿನ್ ಬದಲಾಗದಿದ್ದರೂ ಆಳು ಬದಲಾಗಲೇಬೇಕು. ಗಾಡಿ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಚೀಲ ಹಿಡಿದು ಮೆಟ್ಟಿಲಿಳಿಯುತ್ತಾರೆ, ಬೇರೆ ಇಬ್ಬರು ಹತ್ತುತ್ತಾರೆ, ಗಾಡಿ ಹೊರಡುತ್ತದೆ.