ಓಟದ ಅಂತರ, ನೋಟದ ಅಂತರ

(ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಣ್ಣುಮಕ್ಕಳ ಆಟೋಟದ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ವಾದಗಳು ಕೇಳಿಬರುತ್ತವೆ. ಗಂಡಿನ ಸಮಕ್ಕೆ ಹೆಣ್ಣು ಓಡಲಾರಳು ಎಂಬುದು ಒಂದು. ಹೆಣ್ಣಿನ ಆಟವನ್ನು ಯಾರೂ ನೋಡುವುದಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಕೂಡಿಸಿ, ಆದ್ದರಿಂದ ಅವಳಿಗೆ ಮೈದಾನವೇ ಬೇಡ ಎಂಬ ತೀರ್ಪು ಹೊರಬೀಳುತ್ತದೆ. ಈ ವಾದಗಳನ್ನು ನಾವಿಂದು ಬೇರೆ ಬೇರೆಯಾಗಿ ಪರಿಶೀಲಿಸೋಣ.

ಮೊದಲನೆಯ ಮಾತಿನಲ್ಲಿ ಸತ್ಯಾಂಶವಿದೆ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ ದಾಖಲೆ 9.58 ಸೆಕೆಂಡು, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರಲ್ಲಿ ಸ್ಥಾಪಿಸಿದ ಮಹಿಳಾ ದಾಖಲೆ 10.49 ಸೆಕೆಂಡು. ಬಾಲ್ಯದಲ್ಲಿ ಹುಡುಗ ಹುಡುಗಿಯರ ನಡುವೆ ಈ ಅಂತರ ಬಹಳ ಕಡಿಮೆ. ಪ್ರಾಯಕ್ಕೆ ಬಂದಾಗ ಗಂಡಿನ ದೇಹದಲ್ಲಿ ಹೆಚ್ಚುವ ಹಾರ್ಮೋನು ಸ್ನಾಯು, ಎಲುಬು, ರಕ್ತದ ಹಿಮೋಗ್ಲೋಬಿನ್‌ಗಳನ್ನು ವೃದ್ಧಿಸುತ್ತದೆ. ಇದು ಸೃಷ್ಟಿಕರ್ತನ ವ್ಯವಸ್ಥೆ. ಅದನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಇಲ್ಲ. ಅದಕ್ಕೆಂದೇ ಪುರುಷರ ವಾಲಿಬಾಲ್ ಬಲೆಯ ಎತ್ತರ 2.43 ಮೀಟರ್ ಇದ್ದರೆ ಮಹಿಳೆಯರದು 2.24 ಮೀಟರ್ ಇದೆ.

ಆದರೆ ಅಂತರವಿದೆ ಎಂದ ಮಾತ್ರಕ್ಕೆ ಅರ್ಹತೆ ಇಲ್ಲವೆಂದಾಗುವುದೇ? ಬಾಕ್ಸಿಂಗ್‌ನಲ್ಲಿ ದೇಹತೂಕದ ಪ್ರಕಾರ ವಿಭಾಗಗಳಿವೆ. ಹಗುರ ತೂಕದ ಪುರುಷ ಬಾಕ್ಸರ್ ಭಾರ ತೂಕದವನ ಎದುರು ನಿಲ್ಲಲಾರ. ಹಾಗೆಂದು ಅವನ ಪದಕವನ್ನು ಯಾರೂ ಹೀಗಳೆಯುವುದಿಲ್ಲ. ಸಮಬಲರ ನಡುವಿನ ಸೆಣಸಾಟವೇ ಕ್ರೀಡೆಯ ಸ್ವಾರಸ್ಯ. ನಿಝಾಮಾಬಾದಿನ ನಿಖತ್ ಝರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಇಂತಹ ಸೆಣಸಾಟದಲ್ಲೇ.

ಎರಡನೆಯ ವಾದಕ್ಕೆ ಬರೋಣ. ನೋಡುವವರಿಲ್ಲದಿರುವುದು ಪ್ರಕೃತಿಯ ನಿಯಮವೇ? ಇಂಗ್ಲೆಂಡಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಪ್ರೆಸ್ಟನ್ ನಗರದ ಕಾರ್ಖಾನೆಯೊಂದರ ಕಾರ್ಮಿಕ ಮಹಿಳೆಯರು 'ಡಿಕ್, ಕೆರ್ ಲೇಡೀಸ್' ಎಂಬ ಫುಟ್ಬಾಲ್ ತಂಡ ಕಟ್ಟಿ, ದಾನಕಾರ್ಯಗಳಿಗಾಗಿ ಆಡುತ್ತಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಪಂದ್ಯ ವೀಕ್ಷಿಸಿದವರು ಸುಮಾರು 53,000 ಮಂದಿ. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್ಬಾಲ್ ಸಂಸ್ಥೆಯು, ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಅರ್ಧ ಶತಮಾನ ಕಳೆದು 1971ರಲ್ಲಷ್ಟೇ ಆ ನಿಷೇಧ ತೆರವಾಯಿತು. ಬಾಗಿಲು ಮುಚ್ಚಿದ ಮೇಲೆ ಒಳಗೆ ಯಾರೂ ಇಲ್ಲವೆನ್ನುವುದು ಯಾವ ನ್ಯಾಯ?

ನಮ್ಮ ದೇಶದಲ್ಲೂ ಹಾಗೆಯೇ. ಕರ್ನಾಟಕದ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು 1976ರಲ್ಲೇ ಟೆಸ್ಟ್ ಪಂದ್ಯ ಗೆದ್ದಿದ್ದರು. ಕ್ರಿಕೆಟ್ ಮಂಡಳಿ ಮಹಿಳಾ ಕ್ರಿಕೆಟನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡದ್ದು 2006ರಲ್ಲಿ. ಪುರುಷರಷ್ಟೇ ಪಂದ್ಯ ಶುಲ್ಕ ಘೋಷಿಸಿದ್ದು 2022ರಲ್ಲಿ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಅವರು ವಿಶ್ವಕಪ್ ಗೆದ್ದಾಗ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಅವಕಾಶ ಮೊದಲು, ಪ್ರೇಕ್ಷಕರು ಅನಂತರ.

ಇಲ್ಲಿ ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಮಾರುಕಟ್ಟೆಯು ಆಕರ್ಷಣೆ ಎಂದಾಗ ಅದರ ಕಣ್ಣು ಆಟದ ಮೇಲಿರುವುದಿಲ್ಲ, ಆಡುವವಳ ಮೈಮೇಲಿರುತ್ತದೆ. 2021ರಲ್ಲಿ ನಾರ್ವೆಯ ಮಹಿಳಾ ಬೀಚ್ ಹ್ಯಾಂಡ್‌ಬಾಲ್ ತಂಡವು ಬಿಕಿನಿ ತೊಡದೆ ಚಡ್ಡಿ ತೊಟ್ಟು ಆಡಿದ್ದಕ್ಕೆ 1500 ಯೂರೋ ದಂಡ ಬಿತ್ತು. ಇತ್ತ 2011ರಲ್ಲಿ ಇರಾನಿನ ಮಹಿಳಾ ಫುಟ್ಬಾಲ್ ತಂಡವು ತಲೆ ಮುಚ್ಚಿದ್ದಕ್ಕಾಗಿ ಒಲಿಂಪಿಕ್ಸ್ ಅರ್ಹತಾ ಪಂದ್ಯದಿಂದಲೇ ಹೊರಗುಳಿಯಬೇಕಾಯಿತು. ಶಿರವಸ್ತ್ರಕ್ಕೆ ಫುಟ್ಬಾಲ್ ನಿಯಮಗಳು ಪೂರ್ಣ ಅನುಮತಿ ನೀಡಿದ್ದು 2014ರಲ್ಲಿ. ಕಡಿಮೆ ಉಡು ಎನ್ನುವವನೂ, ಹೊದ್ದರೆ ಆಡಬೇಡ ಎನ್ನುವವನೂ, ಆಡಲೇಬೇಡ ಎಂದು ಮನೆಯಲ್ಲಿ ಕೂರಿಸುವವನೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಅವಳ ಇಚ್ಛೆಯೇನು, ಆರೋಗ್ಯವೇನು ಎಂದು ಮೂವರೂ ಕೇಳುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಮಾದರಿ ನಮ್ಮ ಮುಂದಿದೆ. ಪ್ರಯಾಣವೊಂದರಲ್ಲಿ ಪತ್ನಿ ಹಝ್ರತ್ ಆಯಿಶಾ(ರ)ರೊಂದಿಗೆ ಅವರು ಓಟದ ಪಂದ್ಯ ಕಟ್ಟಿದರು, ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಕಾಲದಲ್ಲಿ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇದು ಸಮವಾಯಿತೆಂದು ವಿನೋದ ಮಾಡಿದರು. ಈದ್‌ನ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಯಾಟ ಆಡುತ್ತಿದ್ದಾಗ ಆಯಿಶಾ(ರ)ರಿಗೆ ತಮ್ಮ ಹೊದಿಕೆಯ ಮರೆ ನೀಡಿ, ಅವರಿಗೇ ಸಾಕೆನಿಸುವ ತನಕ ನೋಡಗೊಟ್ಟರು. ಹೆಣ್ಣು ಓಡುವುದಕ್ಕೂ ಆಟ ನೋಡುವುದಕ್ಕೂ ಆ ಮನೆಯಲ್ಲಿ ಅವಕಾಶವಿತ್ತು. ಮರೆ ಇತ್ತು, ತಡೆ ಇರಲಿಲ್ಲ.

ಗೌರವಾನ್ವಿತರೇ, ನಮ್ಮ ಎಷ್ಟೋ ಮನೆಗಳಲ್ಲಿ ಮಗಳು ಏಳನೆಯ ತರಗತಿ ದಾಟುತ್ತಿದ್ದಂತೆ ಆಟ ನಿಲ್ಲುತ್ತದೆ. ಆಕೆಯ ಎಲುಬು ಗಟ್ಟಿಗೊಳ್ಳಬೇಕಾದ ವಯಸ್ಸೂ ಅದೇ. ಓಟದಲ್ಲಿ ಪ್ರಕೃತಿ ಇಟ್ಟ ಅಂತರ ನೂರಕ್ಕೆ ಹತ್ತರಷ್ಟು. ಉಳಿದ ತೊಂಬತ್ತನ್ನು ಸೇರಿಸುತ್ತಿರುವವರು ಯಾರು? ಶಾಲಾ ಆಡಳಿತ ಮಂಡಳಿಗಳು ಹೆಣ್ಣುಮಕ್ಕಳಿಗೆಂದೇ ಮೈದಾನದಲ್ಲಿ ಪ್ರತ್ಯೇಕ ವೇಳೆ ನಿಗದಿಪಡಿಸಲಿ. ದೈಹಿಕ ಶಿಕ್ಷಣಕ್ಕೆ ಶಿಕ್ಷಕಿಯರನ್ನು ನೇಮಿಸಲಿ. ಮೈ ಮುಚ್ಚುವ, ಓಡಲು ಅನುಕೂಲವಾದ ಉಡುಪನ್ನು ಒದಗಿಸಲಿ. ಎಲ್ಲರೂ ಪದಕ ತರಬೇಕಿಲ್ಲ, ಎಲ್ಲರಿಗೂ ಪ್ರೇಕ್ಷಕರು ಬೇಕಿಲ್ಲ. ಆದರೆ ಪ್ರತಿಯೊಬ್ಬ ಮಗಳಿಗೂ ಆರೋಗ್ಯವಂತ ದೇಹ ಬೇಕು. ಆ ದೇಹ ಅಲ್ಲಾಹನ ಅಮಾನತ್ತು. ಅದನ್ನು ಕಾಪಾಡುವ ಹೊಣೆಯನ್ನು ಅರಿತು ನಡೆಯುವ ಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.