ಬೆಳೆಯುವ ಹಕ್ಕಿಯ ಗುರುತು

ನಮ್ಮ ಕಾಖಂಡಕಿ ಸೀಮೆಯಿಂದ ಸಮುದ್ರ ಬಲು ದೂರ. ಆದರೂ ಕಡಲಕ್ಕಿ ನೋಡಲು ನಾವು ಕಾರವಾರಕ್ಕೇ ಹೋಗಬೇಕೆಂದಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಕೊಲ್ಹಾರದ ಸುತ್ತ ಹಿನ್ನೀರು ಹರಡಿಕೊಂಡಿದೆ. ನೀರು ಹಿಂದೆ ಸರಿದಂತೆ ತೆರೆದುಕೊಳ್ಳುವ ಕೆಸರು ದಂಡೆಯೇ ನಮ್ಮ ಸೀಮೆಯ ಕಡಲತೀರ. ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಕಂದುತಲೆ ಕಡಲಕ್ಕಿಗಳು ಇಂಥ ನೀರಿಗೆ ಚಳಿಗಾಲದಲ್ಲಿ ಬಂದಿಳಿಯುತ್ತವೆ.

ಹೆಸರು ಕಂದುತಲೆ, ಆದರೆ ಚಳಿಗಾಲದಲ್ಲಿ ಅದರ ತಲೆ ಬೆಳ್ಳಗಿರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಎಳೆಯ ಹಕ್ಕಿಯಲ್ಲಂತೂ ಪುಸ್ತಕದ ಚಿತ್ರದ ಗುರುತುಗಳೇ ಸಿಗುವುದಿಲ್ಲ. ದೊಡ್ಡದರ ಕಣ್ಣು ತಿಳಿಬಣ್ಣ, ಎಳೆಯದರದು ಕಪ್ಪು. ದೊಡ್ಡದರ ಕಪ್ಪು ರೆಕ್ಕೆತುದಿಯಲ್ಲಿ ಬಿಳಿ ಮಚ್ಚೆಗಳಿದ್ದರೆ ಎಳೆಯದರಲ್ಲಿ ಅವಿಲ್ಲ. ಬದಲಿಗೆ ಬಾಲದ ತುದಿಗೆ ಕಪ್ಪು ಪಟ್ಟಿ.

ಈ ಗುಂಪಿನ ನಡುವೆ ಭಾರಿ ಮೈಯ, ಉದ್ದ ಕೊಕ್ಕಿನ, ಇಳಿಜಾರು ಹಣೆಯ ಎಳೆಯ ಹಕ್ಕಿಯೊಂದು ಕಂಡರೆ? ಅದು ಅಪರೂಪದ ಪಲ್ಲಾಸನ ಕಡಲಕ್ಕಿ ಇರಬಹುದು. 1773ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಎಂಬ ವಿಜ್ಞಾನಿ ಲೋಕಕ್ಕೆ ವಿವರಿಸಿದ ಹಕ್ಕಿ ಅದು. ಪೂರ್ಣ ರೂಪಕ್ಕೆ ಬರಲು ಅದಕ್ಕೆ ಸುಮಾರು 4 ವರ್ಷ ಬೇಕು. ವರ್ಷವರ್ಷಕ್ಕೂ ಗರಿ ಉದುರಿ, ಹೊಸ ಗರಿ ಬಂದು ವೇಷ ಬದಲಾಗುತ್ತದೆ. ಆದ್ದರಿಂದ ಬಲ್ಲವರು ಒಂದೇ ಗುರುತು ನಂಬುವುದಿಲ್ಲ. ಕೊಕ್ಕು, ಕಾಲು, ಬಾಲ, ಹಾರುವ ರೀತಿ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಆಗಲೂ ಅನುಮಾನ ಉಳಿದರೆ, ದಿನ, ವೇಳೆ, ಜಾಗ ಬರೆದು, ‘ಕಡಲಕ್ಕಿ, ಎಳೆಯದು’ ಎಂದಷ್ಟೇ ದಾಖಲಿಸುತ್ತಾರೆ. ಗೊತ್ತಿದ್ದಷ್ಟನ್ನೇ ಹೇಳುವುದು ಅರಿವಿನ ಬಲ.

ಕಾರಹುಣ್ಣಿಮೆಯಲ್ಲಿ ಎತ್ತು ಓಡಿಸುವ ಕರಿಗೆ ಹೆಸರಾದ ಕಾಖಂಡಕಿಯ ರೈತರಿಗೆ ಹಲವು ಗುರುತು ಕೂಡಿಸಿ ನೋಡುವುದು ಹೊಸ ಪಾಠವೇನಲ್ಲ. ಎತ್ತು ಕೊಳ್ಳುವಾಗ ಅವರು ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ, ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತಾರೆ. ಗೊರಸು, ಸುಳಿ, ನಡಿಗೆ ನೋಡುತ್ತಾರೆ. ಹಾಲುಹಲ್ಲಿನ ಹೋರಿಗರು ನೊಗ ಎಳೆಯಲಿಲ್ಲವೆಂದು ಹಳಿದವರುಂಟೇ?

ದನದ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ನಾವು ಮನೆಯ ಮಕ್ಕಳ ವಿಷಯದಲ್ಲಿ ಅದನ್ನು ಯಾಕೆ ಮರೆಯುತ್ತೇವೆ? ಒಂದು ಪರೀಕ್ಷೆಯ ಅಂಕ ನೋಡಿ ‘ದಡ್ಡ’ ಎನ್ನುತ್ತೇವೆ, ಒಂದು ದಿನದ ಹಟ ನೋಡಿ ‘ಮೊಂಡ’ ಎನ್ನುತ್ತೇವೆ. ತಪ್ಪು ಹೆಸರಿನಿಂದ ಹಕ್ಕಿಗೆ ನಷ್ಟವಿಲ್ಲ. ಅದು ತನ್ನ ಪಾಡಿಗೆ ಬೆಳೆಯುತ್ತದೆ. ಮಗು ಹಾಗಲ್ಲ, ನಾವಿಟ್ಟ ಹೆಸರನ್ನು ಅದು ನಂಬಿಬಿಡುತ್ತದೆ. ಒಮ್ಮೆ ಹೆಸರಿಟ್ಟ ಮೇಲೆ ನಾವೂ ನೋಡುವುದನ್ನು ನಿಲ್ಲಿಸುತ್ತೇವೆ.

ಇವತ್ತು ನಿಮ್ಮ ಮನೆಯ ಮಗುವನ್ನು ಇನ್ನೊಮ್ಮೆ ನೋಡಿ. ಅದು ಯಾವುದನ್ನು ಕೇಳುತ್ತದೆ, ಯಾವ ಕೆಲಸದಲ್ಲಿ ಮೈಮರೆಯುತ್ತದೆ, ಯಾರಿಗಾಗಿ ಮರುಗುತ್ತದೆ ಎಂದು ಗಮನಿಸಿ. ಹೆಸರಿಡಲು ಅವಸರ ಬೇಡ. ಬೆಳೆಯಲು ಕಾಲ ಕೊಡಿ.