ಮೈಯೊಳಗಿನ ಜರಡಿ



ಇವತ್ತು ಮೂತ್ರಪಿಂಡದ ವಿಷಯ ಮಾತಾಡೋಣ. ದವಾಖಾನೆಯಲ್ಲಿ ಇದಕ್ಕೆ ಕಿಡ್ನಿ ಅನ್ನುತ್ತಾರೆ. ಸೊಂಟದ ಮೇಲೆ, ಬೆನ್ನಿನ ಎರಡೂ ಬದಿಗೆ ಒಂದೊಂದು ಇರುತ್ತದೆ. ಉದ್ದ ಸುಮಾರು 4 ಅಂಗುಲ.

ಇದರ ಕೆಲಸವೇನು? ಚಹಾ ಸೋಸುತ್ತೀರಲ್ಲ, ಹಾಗೆ ಇದು ರಕ್ತ ಸೋಸುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ದಿನಕ್ಕೆ ಸುಮಾರು 180 ಲೀಟರ್ ನೀರು ಇವುಗಳಲ್ಲಿ ಇಳಿಯುತ್ತದೆ. ಅಂದರೆ 15 ಲೀಟರಿನ 12 ಕೊಡ! ಅಷ್ಟೂ ಹೊರಗೆ ಹೋದರೆ ಬದುಕುವುದುಂಟೇ? ಮೈಗೆ ಬೇಕಾದ ನೀರು, ಉಪ್ಪು, ಸಕ್ಕರೆ ತಿರುಗಿ ರಕ್ತಕ್ಕೆ ಸೇರುತ್ತವೆ. ಹೊಲಸು ಮಾತ್ರ ಒಂದೆರಡು ಲೀಟರ್ ನೀರಿನಲ್ಲಿ ಕರಗಿ ಮೂತ್ರವಾಗಿ ಹೋಗುತ್ತದೆ.

ದನ, ಕುರಿ, ಆಡಿಗೂ ಹೀಗೆಯೇ. ಆದರೆ ಎಲ್ಲ ಜೀವಿಗಳಿಗೂ ಹೀಗಲ್ಲ.

ಹಾನಗಲ್ಲಿನ ಕೆರೆಯ ಮೀನು ನೋಡಿ. ಅದರ ಮೈಯೊಳಗೆ ಕೆರೆಯ ನೀರು ತಾನಾಗಿ ಇಳಿಯುತ್ತಲೇ ಇರುತ್ತದೆ. ಆ ನೀರನ್ನು ಹೊರಗೆ ಹಾಕುವುದೇ ಅದರ ಮೂತ್ರಪಿಂಡದ ದೊಡ್ಡ ಕೆಲಸ. ಹೀಗಾಗಿ ಮೀನಿನ ಮೂತ್ರ ಬಹಳ ತೆಳು.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ನವಿಲುಗಳಿವೆ. ನಮ್ಮ ಮನೆಯಲ್ಲಿ ಕೋಳಿ ಇದೆ. ಕೋಳಿ ಮೂತ್ರ ಮಾಡಿದ್ದನ್ನು ಯಾರಾದರೂ ನೋಡಿದ್ದೀರಾ? ಇಲ್ಲ. ಅದರ ಹಿಕ್ಕೆಯ ಮೇಲೆ ಸುಣ್ಣದಂತೆ ಬಿಳಿ ಇರುತ್ತದಲ್ಲ, ಅದೇ ಅದರ ಮೂತ್ರ. ಹಕ್ಕಿಗೆ ಮೂತ್ರಚೀಲವಿಲ್ಲ. ಸ್ವಲ್ಪವೇ ನೀರಿನಲ್ಲಿ ಹೊಲಸು ಹೋಗುತ್ತದೆ. ನೀರು ಉಳಿಯುತ್ತದೆ, ಹಾರಲು ಭಾರವೂ ಇಲ್ಲ.

ರಣಹದ್ದಿನ ಕತೆ ಕೇಳಿ. ಮೊದಲು ಸತ್ತ ದನ ತಿನ್ನಲು ಇವು ಹಿಂಡುಹಿಂಡಾಗಿ ಬರುತ್ತಿದ್ದವು. 1990ರ ನಂತರ ದೇಶದ ತುಂಬ ಸತ್ತುಹೋದವು. ಯಾಕೆಂದು 2004ರಲ್ಲಿ ಗೊತ್ತಾಯಿತು. ದನಕ್ಕೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕೊಡುತ್ತಿದ್ದರು. ದನ ಅದನ್ನು ತಡೆಯುತ್ತಿತ್ತು. ಆದರೆ ಔಷಧ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟಿತು. ಬಿಳಿ ಹೊಲಸು ಹೊರಗೆ ಹೋಗದೆ ಕರುಳು, ಗುಂಡಿಗೆಯ ಮೇಲೆ ಸುಣ್ಣ ಬಳಿದಂತೆ ಕೂತಿತು. 2006ರಲ್ಲಿ ಸರಕಾರ ದನಗಳಿಗೆ ಈ ಔಷಧ ಕೊಡುವುದನ್ನು ನಿಷೇಧಿಸಿತು. ಉಳಿದ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ಬೆಟ್ಟದಲ್ಲಿ ರಣಹದ್ದು ಧಾಮವಾಯಿತು.

ಇದರಿಂದ ನಮಗೇನು ಅನ್ನಬೇಡಿ. ಡೈಕ್ಲೋಫೆನಾಕ್ ಮಾತ್ರೆ ಮನುಷ್ಯರಿಗೂ ಕೊಡುತ್ತಾರೆ. ನಾವು ಹದ್ದಿನಂತೆ ಒಮ್ಮೆಗೇ ಸಾಯುವುದಿಲ್ಲ, ಖರೆ. ಆದರೆ ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ, ಸವಣೂರಿನ ಎಲೆ ತೋಟದಲ್ಲಿ ದುಡಿದು ಬಂದು, ಸೊಂಟನೋವೆಂದು ಅಂಗಡಿಯ ಮಾತ್ರೆಯನ್ನು ದಿನಾ ನುಂಗಿದರೆ ಮೂತ್ರಪಿಂಡ ಕೆಡಬಹುದು. ನೀರು ಕುಡಿಯದೆ ಬಿಸಿಲಲ್ಲಿ ದುಡಿದವರಿಗೆ ಅಪಾಯ ಇನ್ನೂ ಹೆಚ್ಚು.

ಮರೆಯಿಲ್ಲವೆಂದು ನಾವು ಹೆಂಗಸರು ಹೊಲದಲ್ಲಿ ನೀರೇ ಕುಡಿಯುವುದಿಲ್ಲ. ಮೂತ್ರ ತಡೆದು ಕೂಡುತ್ತೇವೆ. ಇದರಿಂದ ಉರಿಮೂತ್ರ ಬರುತ್ತದೆ, ಹರಳೂ ಆಗಬಹುದು. ನೀರು ಒಯ್ಯಿರಿ, ಕುಡಿಯಿರಿ. ನಾಲ್ವರು ಕೂಡಿ ಸೀರೆ ಅಡ್ಡ ಹಿಡಿದರೆ ಮರೆಯಾಗುತ್ತದೆ.

ಮುಖ, ಕಾಲು ಬಾತರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮೂತ್ರ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಡಾಕ್ಟರು ಮಾತ್ರೆ ಕೊಟ್ಟಾಗ ಅದರ ಹೆಸರೇನು, ಎಷ್ಟು ದಿನ ನುಂಗಬೇಕು ಎಂದು ಕೇಳಿ. ಕೇಳಿದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದೆ.